ಕತ್ತರಿ ಪಕ್ಕಕ್ಕಿಡಿ, ಮೊದಲು ಬರೆದಿಡಿ

1/9

ಮೊನ್ನೆ ಸ್ಟೋರಿಯಲ್ಲಿ ಒಂದು ಹಳೇ ಕಾರ್ಡಿನ ಫೋಟೋ ಹಾಕಿದ್ದೆ, ನೆನಪಿದ್ಯಾ? ನೀಲಿ ಬಣ್ಣ, ಬಲಗಡೆ ಮೂಲೆಯಲ್ಲಿ ವಿಕ್ಟೋರಿಯಾ ರಾಣಿಯ ಮುಖ, ಬೆಲೆ ಒಂದು ಸೆಂಟ್, ಕೆನಡಾದ್ದು. ಅದಕ್ಕೆ ಹದಿನೇಳು ಡಿಎಂ ಬಂದವು. ಅದರಲ್ಲಿ ಹದಿನಾಲ್ಕು ಒಂದೇ ಪ್ರಶ್ನೆ: "ಎಷ್ಟಕ್ಕೆ ಹೋಗುತ್ತೆ ಇದು?"

ಒಬ್ಬರಂತೂ ಫೋಟೋನ ಯಾವುದೋ ಆಪ್‌ಗೆ ಹಾಕಿ, "ನೋಡು, ಇದು ರೇರ್ ಅಂತೆ, ಲಕ್ಷ ಬರುತ್ತೆ" ಅಂತ ಸ್ಕ್ರೀನ್‌ಶಾಟ್ ಕಳಿಸಿದ್ರು. ಲಕ್ಷ ಬರೋದಾಗಿದ್ರೆ ನಾನು ಬಸ್ ಪಾಸ್ ರಿನ್ಯೂ ಮಾಡಿಸೋಕೆ ಅಮ್ಮನ ಹತ್ರ ದುಡ್ಡು ಕೇಳ್ತಾ ಇರ್ಲಿಲ್ಲ ಬಿಡಿ.

ಬೆಲೆ ಕೇಳಿದ್ದಕ್ಕೆ ನನಗೆ ಬೇಜಾರಿಲ್ಲ. ನಾವು ಬಿಕಾಂ ಮಕ್ಕಳು, ಬೆಲೆ ಕೇಳದೆ ಇನ್ನೇನು ಕೇಳ್ತೀವಿ? ಆದರೆ ನನಗೆ ಒಂದು ಅಭಿಪ್ರಾಯ ಇದೆ, ಅದನ್ನು ಒಂಬತ್ತು ಪೋಸ್ಟ್‌ನಲ್ಲಿ ಹೇಳ್ತೀನಿ. ತಾಳ್ಮೆ ಇದ್ದವರು ಓದಿ, ಇಲ್ಲದವರು ಸೇವ್ ಮಾಡಿಟ್ಟು ಎಕ್ಸಾಮ್ ಮುಗಿದ ಮೇಲೆ ಓದಿ.

ಅಭಿಪ್ರಾಯ ಇಷ್ಟೇ. ಕೈಗೆ ಒಂದು ಹಳೇ ಅಂಚೆ ಕಾಗದ ಸಿಕ್ಕರೆ ಮೊದಲು ಅದನ್ನು ಇದ್ದ ಹಾಗೇ ಬಿಡಿ, ಕತ್ತರಿಸಬೇಡಿ. ಎರಡನೇದು, ನಿಮ್ಮ ಕಣ್ಣಿಗೆ ಕಂಡದ್ದನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಕ್ಯಾಟಲಾಗ್ ನಂಬರ್ ಹುಡುಕೋದು ಅದಾದ ಮೇಲೆ. ಬೆಲೆ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಲೆಕೆಳಗಾದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆ ಬೇರೆಲ್ಲೂ ಹುಡುಕಬೇಕಾಗಿಲ್ಲ. ನಾನೇ ಇದ್ದೀನಿ.

2/9

ಮೊದಲು ಒಂದು ಪದ ಸ್ಪಷ್ಟ ಮಾಡ್ಕೊಳ್ಳೋಣ. ಸ್ಟಾಂಪ್ ಅಂದರೆ ಹಿಂದೆ ಗೋಂದು ಇರೋ ಚೀಟಿ, ನಾವು ಅಂಟಿಸೋದು. ಆದರೆ ನಿಮ್ಮ ಅಜ್ಜಿ ಮನೆಯಲ್ಲಿ ನೋಡಿರ್ತೀರಲ್ಲ, ಪೋಸ್ಟ್ ಕಾರ್ಡು, ಇನ್‌ಲ್ಯಾಂಡ್ ಲೆಟರ್? ಅವುಗಳ ಮೇಲೆ ಸ್ಟಾಂಪ್ ಅಂಟಿಸಿರೋದಿಲ್ಲ, ಕಾಗದದ ಮೇಲೇ ಅಚ್ಚಾಗಿರುತ್ತೆ. ಅಂಚೆ ಕಚೇರಿಯಲ್ಲಿ ಕೊಂಡಾಗಲೇ ಅಂಚೆ ಖರ್ಚು ಅದರಲ್ಲಿ ಸೇರಿರುತ್ತೆ. ಹೀಗೆ ಸ್ಟಾಂಪ್ ಅಚ್ಚಾಗಿರೋ ಕಾರ್ಡು, ಕವರು, ಪತ್ರಿಕೆ ಸುತ್ತೋ ಪಟ್ಟಿ, ಮಡಚೋ ಲೆಟರ್ ಕಾರ್ಡು, ವಿಮಾನದಲ್ಲಿ ಹೋಗೋ ಏರೋಗ್ರಾಮ್, ಇವೆಲ್ಲಕ್ಕೂ ಸೇರಿಸಿ ಪೋಸ್ಟಲ್ ಸ್ಟೇಷನರಿ ಅಂತಾರೆ.

"ನೀನು ಕೂತಿರೋದು ಅರಸೀಕೆರೆಯಲ್ಲಿ, ಕೆನಡಾದ ಕಾಗದ ಯಾಕೆ?" ಸರಿಯಾದ ಪ್ರಶ್ನೆ. ನಮ್ಮ ಅಜ್ಜಿಯ ತಮ್ಮ ಎಪ್ಪತ್ತರ ದಶಕದಲ್ಲಿ ಕೆಲಸಕ್ಕೆ ಅಂತ ಕೆನಡಾದ ವಿನ್ನಿಪೆಗ್‌ಗೆ ಹೋದರು. ಅಜ್ಜಿ ಬಾಯಲ್ಲಿ ಅದು ಇವತ್ತಿಗೂ ವಿನ್ನಿಪೇಟೆ. ಹಾಗಾಗಿ ಅವರು ನಮಗೆಲ್ಲ ವಿನ್ನಿಪೇಟೆ ತಾತ. ಫೋನ್ ಮಾಡೋದು ದುಬಾರಿ, ಅದೂ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ಆದ್ದರಿಂದ ಏರೋಗ್ರಾಮ್. ಒಂದೇ ಹಾಳೆ, ಒಳಗೆ ಬರೆದು, ಮಡಚಿ, ಅಂಟಿಸಿ, ಹೊರಗೆ ವಿಳಾಸ ಬರೆದರೆ ಮುಗೀತು. ತೂಕ ಕಡಿಮೆ ಅಂತ ಖರ್ಚೂ ಕಡಿಮೆ. ಒಳಗೆ ಬೇರೆ ಏನನ್ನೂ ಇಡೋ ಹಾಗಿಲ್ಲ.

ಅಜ್ಜಿ ಆ ಕಾಗದಗಳನ್ನೆಲ್ಲ ಒಂದು ಬಿಸ್ಕತ್ ಡಬ್ಬದಲ್ಲಿ ಇಟ್ಟಿದ್ರು. ಡಬ್ಬ ದೇವರ ಮನೆಯ ಗೂಡಿನಲ್ಲಿ, ಪಂಚಾಂಗದ ಪಕ್ಕ. ಅಷ್ಟು ಹೇಳಿದ್ರೆ ಸಾಕು, ಆ ಡಬ್ಬಕ್ಕೆ ಮನೆಯಲ್ಲಿ ಎಂಥ ಜಾಗ ಇತ್ತು ಅಂತ ನಿಮಗೆ ಗೊತ್ತಾಗುತ್ತೆ.

3/9

ಈಗ ತಪ್ಪೊಪ್ಪಿಗೆ.

ಏಳನೇ ಕ್ಲಾಸಿನಲ್ಲಿ ನಮಗೆಲ್ಲ ಸ್ಟಾಂಪ್ ಹುಚ್ಚು ಹಿಡಿದಿತ್ತು, ನೆನಪಿದ್ಯಾ? ಉದ್ದ ನೋಟ್‌ಬುಕ್ಕಿನಲ್ಲಿ ದೇಶದ ಹೆಸರು ಬರೆದು, ಕೆಳಗೆ ಸ್ಟಾಂಪ್ ಅಂಟಿಸೋದು. ಯಾರ ಹತ್ರ ಹೆಚ್ಚು ದೇಶ ಇದೆಯೋ ಅವರೇ ಹೀರೋ. ನನ್ನ ಹತ್ರ ಕೆನಡಾ ಇರಲಿಲ್ಲ. ಆದರೆ ದೇವರ ಮನೆಯ ಡಬ್ಬದಲ್ಲಿ ಇತ್ತು.

ದಸರಾ ರಜೆಯಲ್ಲಿ, ಅಜ್ಜಿ ಮಧ್ಯಾಹ್ನ ಮಲಗಿದ್ದಾಗ, ಹನ್ನೊಂದು ಏರೋಗ್ರಾಮ್ ತೆಗೆದು ಹನ್ನೊಂದರಿಂದಲೂ ಸ್ಟಾಂಪ್ ಕತ್ತರಿಸಿದೆ. ಅಂಚು ಸೊಟ್ಟ ಆಗಿದೆ ಅಂತ ಮತ್ತೆ ಸ್ಕೇಲ್ ಇಟ್ಟು ನೀಟಾಗಿ ಟ್ರಿಮ್ ಬೇರೆ ಮಾಡಿದೆ. ಎಂಟನ್ನು ನೋಟ್‌ಬುಕ್ಕಿಗೆ ಗೋಂದು ಹಾಕಿ ಅಂಟಿಸಿದೆ. ಮೂರನ್ನು ಸ್ಕೂಲಲ್ಲಿ ಬೇರೆ ದೇಶದ ಸ್ಟಾಂಪ್‌ಗೆ ಬದಲಾಯಿಸಿಕೊಂಡೆ.

ಏರೋಗ್ರಾಮ್ ಹೇಗಿರುತ್ತೆ ಅಂತ ಈಗಷ್ಟೇ ಹೇಳಿದೆ. ಒಂದೇ ಹಾಳೆ. ಹೊರಗಡೆ ಸ್ಟಾಂಪ್ ಇರೋ ಜಾಗದ ಬೆನ್ನಿಗೆ, ಒಳಗಡೆ, ಬರವಣಿಗೆ ಇರುತ್ತೆ. ಅಂದರೆ ನಾನು ಕತ್ತರಿಸಿದ್ದು ಸ್ಟಾಂಪ್ ಒಂದನ್ನೇ ಅಲ್ಲ. ಪ್ರತಿ ಕಾಗದದಿಂದ ಮೂರ್ನಾಲ್ಕು ಸಾಲಿನ ಒಂದೊಂದು ತುಂಡು ಮಾತನ್ನೂ ಕತ್ತರಿಸಿದ್ದೆ.

ಅಜ್ಜಿ ಬೈಯಲಿಲ್ಲ. ಸಂಜೆ ದೀಪ ಹಚ್ಚೋಕೆ ಹೋದವರು ಡಬ್ಬ ನೋಡಿದ್ರು, ಒಂದು ಕಾಗದ ಬಿಚ್ಚಿದ್ರು, ತೂತಿನಿಂದ ಬೆಳಕು ಬರ್ತಾ ಇತ್ತು. "ಮಗು ಕೈ ಸುಮ್ನೆ ಇರಲ್ಲ" ಅಂದು ಮಡಚಿ ಇಟ್ಟರು. ಬೈದಿದ್ರೆ ಅವತ್ತೇ ಮರೆತುಬಿಡ್ತಿದ್ನೋ ಏನೋ.

ತಾತ ನಾನು ಪಿಯುಸಿ ಓದುವಾಗ ಅಲ್ಲೇ ತೀರಿಕೊಂಡರು. ಆಮೇಲೆ ಆ ಹನ್ನೊಂದು ತೂತು ನನಗೆ ಬೇರೆ ಥರ ಕಾಣೋಕೆ ಶುರುವಾಯ್ತು.

4/9

ತುಂಡುಗಳನ್ನು ಕಾಗದಗಳಿಗೆ ಮತ್ತೆ ಜೋಡಿಸಬೇಕು ಅಂತ ಹೊರಟಾಗ ನನಗೆ ಕೆನಡಾದ ಪೋಸ್ಟಲ್ ಸ್ಟೇಷನರಿ ಓದೋದು ಅನಿವಾರ್ಯ ಆಯ್ತು. ಓದುತ್ತಾ ಓದುತ್ತಾ ತಾತನ ಕಾಲ ದಾಟಿ ನೂರು ವರ್ಷ ಹಿಂದಕ್ಕೆ ಹೋದೆ. ಸಿಕ್ಕಿದ್ದರಲ್ಲಿ ನಿಮಗೆ ಉಪಯೋಗ ಆಗೋದನ್ನು ಹೇಳ್ತೀನಿ.

ಕೆನಡಾ ಹೆಸರಿನ ಮೊದಲ ಪೋಸ್ಟಲ್ ಸ್ಟೇಷನರಿ 1860ರ ಕವರುಗಳು. 5 ಸೆಂಟ್, 10 ಸೆಂಟ್. ಅಚ್ಚು ಹಾಕಿದ್ದು ನ್ಯೂಯಾರ್ಕಿನ ಜಾರ್ಜ್ ನೆಸ್ಬಿಟ್ ಅನ್ನೋ ಮುದ್ರಕರು. ಗಮನಿಸಿ, ಇವತ್ತಿನ ಕೆನಡಾ ಒಕ್ಕೂಟ ಹುಟ್ಟಿದ್ದೇ 1867ರ ಜುಲೈ 1ರಂದು. ಆ ಕವರುಗಳ ಮೇಲಿನ ಕೆನಡಾ ಅಂದರೆ ಅದಕ್ಕೂ ಮುಂಚಿನ, ಸಣ್ಣದಾದ ಪ್ರಾಂತ್ಯ. ಹೆಸರು ಒಂದೇ, ದೇಶ ಬೇರೆ. ಆಪ್ ಇದನ್ನು ಹೇಳಲ್ಲ.

ಆಮೇಲೆ ಪೋಸ್ಟ್ ಕಾರ್ಡು. ಜಗತ್ತಿನ ಮೊದಲ ಅಂಚೆ ಕಾರ್ಡು ಬಂದಿದ್ದು ಆಸ್ಟ್ರಿಯಾ-ಹಂಗೇರಿಯಲ್ಲಿ, 1869ರ ಅಕ್ಟೋಬರ್‌ನಲ್ಲಿ. ಕೆನಡಾ 1871ರ ಜೂನ್‌ನಲ್ಲೇ ತನ್ನ ಕಾರ್ಡು ತಂದಿತು. ಪಕ್ಕದ ಅಮೆರಿಕಕ್ಕೆ ಅದು ಬಂದಿದ್ದು 1873ಕ್ಕೆ, ನಮ್ಮಲ್ಲಿಗೆ ಕಾಲಾಣೆ ಕಾರ್ಡಾಗಿ 1879ಕ್ಕೆ. ಕೆನಡಾದಲ್ಲಿ ಆಗ ಲಕೋಟೆ ಪತ್ರಕ್ಕೆ 3 ಸೆಂಟ್, ಕಾರ್ಡಿಗೆ 1 ಸೆಂಟ್. ಮೂರನೇ ಒಂದು ಪಾಲು. ಯಾಕೆ ಜನ ಮುಗಿಬಿದ್ದು ಕೊಂಡರು ಅಂತ ಬೇರೆ ಹೇಳಬೇಕಾ?

ಆ ಹಳೇ ಕಾರ್ಡುಗಳನ್ನು ಗುರುತಿಸೋದು ಹೇಗೆ? ಮುಖ ನೋಡಿದರೆ ಸಾಲದು. ಕೆಳಗಿನ ಅಂಚಿನಲ್ಲಿ ಇರುವೆ ಸಾಲಿನ ಹಾಗೆ ಅಚ್ಚು ಹಾಕಿದವರ ಹೆಸರು ಇರುತ್ತೆ. ಇದಕ್ಕೆ ಇಂಪ್ರಿಂಟ್ ಅಂತಾರೆ. ಬ್ರಿಟಿಷ್ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿ ಅಂತಿದ್ದು, ಒಂದರಲ್ಲಿ ಮಾಂಟ್ರಿಯಲ್ ಮತ್ತು ಆಟವಾ ಎರಡೂ ಊರಿದ್ದರೆ, ಇನ್ನೊಂದರಲ್ಲಿ ಮಾಂಟ್ರಿಯಲ್ ಮಾತ್ರ ಇರುತ್ತೆ. ದೂರದಿಂದ ಒಂದೇ ಕಾರ್ಡು, ಕ್ಯಾಟಲಾಗ್‌ನಲ್ಲಿ ಎರಡು. 1897ರಲ್ಲಿ ಗುತ್ತಿಗೆ ಅಮೆರಿಕನ್ ಬ್ಯಾಂಕ್ ನೋಟ್ ಕಂಪನಿಗೆ ಹೋಯ್ತು. ಅದೇ ಕಂಪನಿ 1923ರಲ್ಲಿ ಕೆನಡಿಯನ್ ಬ್ಯಾಂಕ್ ನೋಟ್ ಅಂತ ಹೆಸರು ಬದಲಾಯಿಸಿಕೊಂಡಿತು. ಎಲ್ಲ ಕಾರ್ಡಿನಲ್ಲೂ ಇಂಪ್ರಿಂಟ್ ಇರಲ್ಲ. ಆದರೆ ಇದ್ದರೆ, ಆ ಒಂದು ಸಾಲು ನಿಮಗೆ ಅರ್ಧ ಉತ್ತರ.

5/9

ಎಲ್ಲರೂ ಮಾಡೋ ಎರಡು ತಪ್ಪು ಹೇಳ್ತೀನಿ. ಎರಡನ್ನೂ ನಾನು ಮಾಡಿದ್ದೀನಿ.

ಒಂದು, ರಾಜನ ಮುಖ ನೋಡಿ ವರ್ಷ ಹೇಳೋದು. ವಿಕ್ಟೋರಿಯಾ ತೀರಿಕೊಂಡಿದ್ದು 1901ರ ಜನವರಿಯಲ್ಲಿ. ಆದರೆ ಏಳನೇ ಎಡ್ವರ್ಡ್ ಮುಖದ ಕೆನಡಾ ಸ್ಟಾಂಪ್ ಬಂದಿದ್ದು 1903ರ ಜುಲೈಯಲ್ಲಿ. ಐದನೇ ಜಾರ್ಜ್ ಪಟ್ಟಕ್ಕೆ ಬಂದಿದ್ದು 1910ರಲ್ಲಿ, ಅವನ ಮುಖ ಸ್ಟಾಂಪಿಗೆ ಬಂದಿದ್ದು 1911ರ ಕೊನೆಗೆ. ಹಳೇ ದಾಸ್ತಾನು ಮುಗಿಯೋ ತನಕ ಅದನ್ನೇ ಮಾರ್ತಾರೆ, ಮನೆಯಲ್ಲಿ ಉಳಿದದ್ದನ್ನು ಜನ ಅದಾದ ಮೇಲೂ ಬಳಸ್ತಾರೆ. ಆದ್ದರಿಂದ 1905ರ ಮುದ್ರೆ ಇರೋ ವಿಕ್ಟೋರಿಯಾ ಕಾರ್ಡು ನೋಡಿ "ಎರರ್ ಪೀಸ್! ಜಾಕ್‌ಪಾಟ್!" ಅಂತ ಕುಣಿಯಬೇಡಿ. ಅಂಚೆ ಮುದ್ರೆಯ ತಾರೀಖು ಹೇಳೋದು ಇಷ್ಟೇ: ಈ ಕಾಗದ ಆ ದಿನಕ್ಕಿಂತ ಮುಂಚೆ ಅಚ್ಚಾಗಿತ್ತು. ಎಷ್ಟು ಮುಂಚೆ? ಅದನ್ನು ಮುದ್ರೆ ಹೇಳಲ್ಲ.

ಎರಡು, ಬೆಲೆ ಬದಲಾವಣೆಯನ್ನು ಮರೆಯೋದು. ನಿಜ ಹೇಳಬೇಕಂದ್ರೆ ಪೋಸ್ಟಲ್ ಸ್ಟೇಷನರಿಯಲ್ಲಿ ಇಷ್ಟೊಂದು ಬಗೆ ಇರೋಕೆ ದೊಡ್ಡ ಕಾರಣ ಅಂಚೆ ದರವೇ. ಕೆನಡಾದ ಒಳನಾಡಿನ ಪತ್ರದ ದರ 1899ರ ಜನವರಿ 1ಕ್ಕೆ 3 ಸೆಂಟ್‌ನಿಂದ 2 ಸೆಂಟ್‌ಗೆ ಇಳಿಯಿತು. ಹೌದು, ಇಳಿಯಿತು! ಮೊದಲ ಮಹಾಯುದ್ಧ ಬಂದಾಗ, 1915ರ ಏಪ್ರಿಲ್‌ನಲ್ಲಿ, ಒಂದು ಸೆಂಟ್ ಯುದ್ಧ ತೆರಿಗೆ ಸೇರಿ ಮತ್ತೆ 3 ಆಯ್ತು. 1926ರ ಜುಲೈನಲ್ಲಿ ಮತ್ತೆ 2. ಎರಡನೇ ಮಹಾಯುದ್ಧದಲ್ಲಿ, 1943ಕ್ಕೆ, 4. ತಾತ ಹೋದ ಕಾಲಕ್ಕೆ ನೋಡಿ: 1972ರಲ್ಲಿ 8 ಸೆಂಟ್, 1977ರಲ್ಲಿ 12, 1979ರಲ್ಲಿ 17, 1982ರಲ್ಲಿ 30. ನಮ್ಮ ಎಕನಾಮಿಕ್ಸ್ ಪುಸ್ತಕದ ಹಣದುಬ್ಬರದ ಗ್ರಾಫ್ ಇದೆಯಲ್ಲ, ಅದೇ ಕವರಿನ ಮೂಲೆಯಲ್ಲಿ ಕೂತಿದೆ.

ಪ್ರತಿ ಸಲ ದರ ಬದಲಾದಾಗ ಹೊಸ ಕಾಗದ ಅಚ್ಚಾಗುತ್ತೆ, ಇಲ್ಲವೇ ಹಳೇದರ ಮೇಲೆ ಹೊಸ ಬೆಲೆ ಒತ್ತುತ್ತಾರೆ, ಇಲ್ಲವೇ ಜನರೇ ಪಕ್ಕದಲ್ಲಿ ಒಂದು ಸ್ಟಾಂಪ್ ಅಂಟಿಸಿ ಸರಿದೂಗಿಸ್ತಾರೆ. ಸ್ಟಾಂಪ್ ಮಾತ್ರ ಕತ್ತರಿಸಿ ಇಟ್ಟುಕೊಂಡವರಿಗೆ ಈ ಲೆಕ್ಕ ಯಾವುದೂ ಕಾಣಲ್ಲ.

6/9

ಈಗ ಕಾರ್ಡನ್ನು ತಿರುಗಿಸಿ. ಬೆನ್ನು ನೋಡದೆ ಯಾವುದನ್ನೂ ಗುರುತಿಸಬೇಡಿ.

ಆಗಿನ ವ್ಯಾಪಾರಿಗಳಿಗೆ ಒಂದು ಸೆಂಟ್ ಕಾರ್ಡು ಅಂದರೆ ಇವತ್ತಿನ ಬಲ್ಕ್ ಎಸ್ಸೆಮ್ಮೆಸ್ ಇದ್ದ ಹಾಗೆ. "ನಿಮ್ಮ ಆರ್ಡರ್ ತಲುಪಿದೆ", "ಇಂದಿನ ದರ ಇಷ್ಟು", "ಸಂಘದ ಸಭೆ ಇಂಥ ದಿನ", ಹೀಗೆ ಬೆನ್ನಿಗೆ ಅಚ್ಚು ಹಾಕಿಸಿ ಕಳಿಸ್ತಿದ್ರು. ಬಿಸಿನೆಸ್ ಕರೆಸ್ಪಾಂಡೆನ್ಸ್ ಅಂತ ನಾವು ಸೆಮಿಸ್ಟರ್‌ಗೆ ಬಾಯಿಪಾಠ ಮಾಡೋದನ್ನು ಅವರು ಅಂಗೈ ಅಗಲದ ಕಾರ್ಡಿನಲ್ಲಿ ಮುಗಿಸಿದ್ದಾರೆ. ಇಂಥವರಿಗಾಗಿ ಅಂಚೆ ಇಲಾಖೆ ಕಾರ್ಡುಗಳನ್ನು ಕತ್ತರಿಸದ ದೊಡ್ಡ ಹಾಳೆಯಲ್ಲೇ ಮಾರುತ್ತಿತ್ತು. ಪ್ರೆಸ್‌ನವರು ಅಚ್ಚು ಹಾಕಿ, ಆಮೇಲೆ ಕತ್ತರಿಸ್ತಿದ್ರು. ಹಾಗಾಗಿ ಎರಡು ಕಾರ್ಡಿನ ಅಳತೆಯಲ್ಲಿ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಇದ್ದ ಮಾತ್ರಕ್ಕೆ ಅವು ಬೇರೆ ಬಗೆ ಅಂತ ತೀರ್ಮಾನಿಸೋಕಾಗಲ್ಲ. ಕವರಿನಲ್ಲಿ ಮಾತ್ರ ಅಳತೆ ತುಂಬ ಮುಖ್ಯ. ಜೊತೆಗೆ ಹಿಂದಿನ ಮುಚ್ಚಳ ಚೂಪೋ, ದುಂಡಗಿದೆಯೋ, ಚೌಕವೋ ಅನ್ನೋದೂ ಮುಖ್ಯ. ಬೆಳಕಿಗೆ ಹಿಡಿದರೆ ಕಾಗದದಲ್ಲಿ ಸಾಲು ಸಾಲು ಗೆರೆ ಕಾಣುತ್ತಾ, ಇಲ್ಲ ಸಾದಾನಾ, ಅದನ್ನೂ ನೋಡಬೇಕು.

ಕೆನಡಿಯನ್ ಪೆಸಿಫಿಕ್ ರೈಲ್ವೆ ಕಂಪನಿ ಇನ್ನೂ ಜಾಣತನ ಮಾಡಿತು. ಸರ್ಕಾರದ ಕಾರ್ಡುಗಳ ಬೆನ್ನಿಗೆ ಬೆಟ್ಟ, ಸರೋವರ, ತನ್ನ ಹೋಟೆಲುಗಳ ಚಿತ್ರ ಹಾಕಿಸಿ ಪ್ರಚಾರ ಮಾಡಿಕೊಂಡಿತು. ಮುಂಭಾಗ ನೋಡಿದರೆ ಮಾಮೂಲಿ ಕಾರ್ಡು. ಬೆನ್ನು ನೋಡಿದರೆ ಅದಕ್ಕೇ ಪ್ರತ್ಯೇಕ ಪಟ್ಟಿ ಮಾಡಿ ಜೀವನ ಕಳೆದ ಸಂಗ್ರಾಹಕರಿದ್ದಾರೆ.

ಇನ್ನು ಭಾಷೆ. ಕೆನಡಾದ ಕಾರ್ಡುಗಳಲ್ಲಿ ಇಂಗ್ಲಿಷ್ ಮಾತ್ರ ಇರೋದು, ಫ್ರೆಂಚ್ ಮಾತ್ರ ಇರೋದು, ಎರಡೂ ಇರೋದು ಅಂತ ಬಗೆಗಳಿವೆ. ಚಿತ್ರ ಅದೇ, ಬೆಲೆ ಅದೇ, ಅಕ್ಷರ ಬೇರೆ. ಬ್ಯಾಂಕ್ ಚಲನ್‌ನಲ್ಲಿ ಕನ್ನಡ ಎಲ್ಲಿದೆ ಅಂತ ಹುಡುಕಿ ಅಭ್ಯಾಸ ಇರೋ ನಮಗೆ ಇದು ಸಣ್ಣ ವ್ಯತ್ಯಾಸ ಅಲ್ಲ ಅಂತ ಬೇಗ ಅರ್ಥ ಆಗುತ್ತೆ. ಒಂದು ದೇಶ ತನ್ನ ಜನರ ಜೊತೆ ಯಾವ ಭಾಷೆಯಲ್ಲಿ ಮಾತಾಡ್ತು ಅನ್ನೋದು ಒಂದು ಸೆಂಟ್ ಕಾರ್ಡಿನಲ್ಲೂ ಗೊತ್ತಾಗುತ್ತೆ.

7/9

ಸರಿ, ಕ್ಯಾಟಲಾಗ್. ಕೆನಡಾಗೆ ಎಲ್ಲರೂ ನೋಡೋದು ವೆಬ್ ಅವರ ಹೆಸರಿನ ಕ್ಯಾಟಲಾಗ್. ಅದರಲ್ಲಿ ಕೆನಡಾ ಜೊತೆ ನ್ಯೂಫೌಂಡ್‌ಲ್ಯಾಂಡ್ ಕೂಡ ಇದೆ, ಯಾಕಂದ್ರೆ ಆ ದ್ವೀಪ ಕೆನಡಾಗೆ ಸೇರಿದ್ದು 1949ರಲ್ಲಿ. ಅಲ್ಲಿ ತನಕ ಅದರ ಅಂಚೆಯೇ ಬೇರೆ. ವೆಬ್‌ನಲ್ಲಿ ಕವರಿಗೆ ಇಎನ್, ಕಾರ್ಡಿಗೆ ಪಿ ಅಂತ ಶುರುವಾಗೋ ನಂಬರ್. ಇಡೀ ಪ್ರಪಂಚದ ಪೋಸ್ಟಲ್ ಸ್ಟೇಷನರಿಗೆ ಹಿಗ್ಗಿನ್ಸ್ ಅಂಡ್ ಗೇಜ್ ಅಂತ ಇನ್ನೊಂದು ಕ್ಯಾಟಲಾಗ್ ಇದೆ. ಅದಕ್ಕಿಂತ ಹಳೇದು, 1920ರ ದಶಕದಲ್ಲಿ ಜರ್ಮನಿಯ ಆಶರ್ ಮಾಡಿದ್ದು. ಒಂದೇ ಕಾರ್ಡಿಗೆ ಮೂರು ಪುಸ್ತಕದಲ್ಲಿ ಮೂರು ನಂಬರ್. ಆದ್ದರಿಂದ ಯಾವ ಪುಸ್ತಕ, ಯಾವ ಆವೃತ್ತಿ ಅಂತ ಬರೆಯದೆ ಬರೀ ನಂಬರ್ ಬರೆದರೆ ಅದು ಬ್ರಾಂಚ್ ಹೆಸರಿಲ್ಲದ ಅಕೌಂಟ್ ನಂಬರ್ ಇದ್ದ ಹಾಗೆ.

ಇಲ್ಲೇ ನನ್ನ ಅಭಿಪ್ರಾಯದ ಗಟ್ಟಿ ಭಾಗ ಇರೋದು. ನಂಬರ್ ಸಿಕ್ಕ ಕೂಡಲೇ ಗುರುತಿಸಿದ ಹಾಗಾಯ್ತು ಅಂತ ಅನ್ಕೋಬೇಡಿ. ಅಕೌಂಟ್ಸ್ ಮೇಷ್ಟ್ರು ದಿನಾ ಹೇಳ್ತಾರಲ್ಲ, ವೋಚರ್ ಇಲ್ಲದೆ ಎಂಟ್ರಿ ಇಲ್ಲ ಅಂತ. ಇಲ್ಲೂ ಅದೇ. ನೀವು ಕಂಡು ಬರೆದದ್ದು ವೋಚರ್, ಕ್ಯಾಟಲಾಗ್ ನಂಬರ್ ಲೆಡ್ಜರ್ ಎಂಟ್ರಿ. ಮೊದಲೇ ನಂಬರ್ ನೋಡಿಬಿಟ್ಟರೆ ಕಣ್ಣು ಅದಕ್ಕೆ ಹೊಂದೋದನ್ನು ಮಾತ್ರ ನೋಡುತ್ತೆ. ಹೊಂದದೇ ಇರೋದು ಕಂಡರೂ ಕಾಣಲ್ಲ.

ನನ್ನ ರಿಜಿಸ್ಟರ್ ಎರಡು ನೂರು ಪುಟದ ಲಾಂಗ್ ಬುಕ್. ಕಾಲಂಗಳು ಹೀಗಿವೆ: ಬಗೆ (ಕಾರ್ಡಾ, ಕವರಾ, ಏರೋಗ್ರಾಮಾ), ಮುಖಬೆಲೆ, ಬಣ್ಣ, ಮುಖ ಅಥವಾ ಚಿತ್ರ, ಇರುವ ಅಕ್ಷರಗಳು ಅಕ್ಷರಶಃ, ಇಂಪ್ರಿಂಟ್, ಅಳತೆ ಮಿಲಿಮೀಟರ್‌ನಲ್ಲಿ, ಕಾಗದ, ಬೆನ್ನು, ಮುದ್ರೆಯ ಊರು ಮತ್ತು ತಾರೀಖು, ಎಲ್ಲಿಂದ ಬಂತು. ಆಮೇಲೆ ನಂಬರ್. ಕೊನೆಯ ಕಾಲಂ: "ಗೊತ್ತಿಲ್ಲ".

ಆಪ್ ಯಾಕೆ ಸಾಲದು ಅಂದ್ರೆ, ಆಪ್ ನೋಡೋದು ನೀವು ಕೊಟ್ಟ ಒಂದು ಫೋಟೋ. ಅದಕ್ಕೆ ಅಳತೆ ಗೊತ್ತಿಲ್ಲ, ಬೆನ್ನು ಗೊತ್ತಿಲ್ಲ, ಕಾಗದ ಮುಟ್ಟಿಲ್ಲ. ಬಣ್ಣವಂತೂ ಟ್ಯೂಬ್‌ಲೈಟ್ ಕೆಳಗೆ ಒಂದು ನೀಲಿ, ಕಿಟಕಿ ಹತ್ರ ಇನ್ನೊಂದು ನೀಲಿ. ಆದರೂ ಅದು ಒಂದು ಸಲವೂ "ಗೊತ್ತಿಲ್ಲ" ಅನ್ನಲ್ಲ. ನನಗೆ ಅದರ ಮೇಲೆ ಇರೋ ಸಿಟ್ಟು ಇದೊಂದೇ.

8/9

ಈಗ ಬಿಸ್ಕತ್ ಡಬ್ಬಕ್ಕೆ ವಾಪಸ್.

ಒಂದು ಕಡೆ ತೂತು ಬಿದ್ದ ಹನ್ನೊಂದು ಕಾಗದ. ಇನ್ನೊಂದು ಕಡೆ ನೋಟ್‌ಬುಕ್ಕಿಗೆ ಅಂಟಿದ ಎಂಟು ತುಂಡು. ಅಂಚು ಟ್ರಿಮ್ ಮಾಡಿದ್ದರಿಂದ ತೂತಿನ ಆಕಾರಕ್ಕೆ ತುಂಡಿನ ಆಕಾರ ಕೂಡಲ್ಲ. ಜಾಣತನದ ಫಲ.

ಮೊದಲು ತುಂಡುಗಳನ್ನು ನೋಟ್‌ಬುಕ್ಕಿಂದ ಬಿಡಿಸಬೇಕಿತ್ತು. ಸ್ಟಾಂಪ್ ಬಿಡಿಸೋ ಹಾಗೆ ನೀರಲ್ಲಿ ನೆನೆಸಿದೆ. ಮೊದಲನೇದರಲ್ಲೇ ಶಾಯಿ ಕರಗಿ ನೀರೆಲ್ಲ ನೀಲಿ. ತಾತ ಅದನ್ನು ಇಂಕ್ ಪೆನ್ನಲ್ಲಿ ಬರೆದಿದ್ರು. ಉಳಿದ ಏಳನ್ನು ನೆನೆಸಲಿಲ್ಲ. ನೋಟ್‌ಬುಕ್ ಹಾಳೆಯನ್ನೇ ಹಿಂದಿನಿಂದ ಪದರ ಪದರವಾಗಿ ಬಿಡಿಸ್ತಾ ಮೂರು ಭಾನುವಾರ ಕಳೆದೆ. ನೆನಪಿಡಿ, ಅಚ್ಚಾದ ಸ್ಟಾಂಪನ್ನು ಯಾವತ್ತೂ ನೀರಿಗೆ ಹಾಕಬೇಡಿ.

ಆಮೇಲೆ ರಿಜಿಸ್ಟರ್ ಕೆಲಸ. ತೂತಿದ್ದರೂ ಕಾಗದದ ಮೇಲೆ ಅಚ್ಚಾದ ಸೂಚನೆಗಳು ಉಳಿದಿದ್ದವು. ಒಂದೊಂದು ಮುದ್ರಣದಲ್ಲಿ ಅಕ್ಷರದ ಜೋಡಣೆ ಬೇರೆ, ಕಾಗದದ ನೀಲಿ ಬೇರೆ. ಅವನ್ನು ನೋಡಿ ಕಾಗದಗಳನ್ನು ಗುಂಪು ಮಾಡಿದೆ. ತುಂಡುಗಳನ್ನು ಮುಖಬೆಲೆ ಮತ್ತು ಚಿತ್ರ ನೋಡಿ ಗುಂಪು ಮಾಡಿದೆ. ಆಮೇಲೆ ಅಂಚೆ ಮುದ್ರೆ: ಅರ್ಧ ತುಂಡಿನ ಮೇಲೆ, ಅರ್ಧ ಕಾಗದದ ಮೇಲೆ. ಕೊನೆಗೆ ಪೆನ್ನಿನ ಬಣ್ಣ, ಸಾಲಿನ ಅಂತರ. ಒಂದು ಗುಂಪಿನ ಎದುರು ಇನ್ನೊಂದು ಗುಂಪು ಇಟ್ಟಾಗ ಏಳಕ್ಕೆ ಏಳೂ ಕೂತವು.

ಅದರಲ್ಲಿ ಒಂದು ಕಾಗದದಲ್ಲಿ ಹೀಗಿತ್ತು: "ಅಮ್ಮನಿಗೆ ಹೇಳು, ಈ ಸಲ", ಆಮೇಲೆ ತೂತು, ಆಮೇಲೆ "ಬಂದೇ ಬರುತ್ತೇನೆ". ಅಜ್ಜಿ ಯಾವಾಗಲೂ ಹೇಳ್ತಿದ್ರು, "ಯುಗಾದಿಗೆ ಬರ್ತೀನಿ ಅಂದ, ಬರ್ಲಿಲ್ಲ. ಅಮ್ಮ ಹೋಳಿಗೆ ಮಾಡ್ಕೊಂಡು ಕಾದ್ಳು" ಅಂತ. ತುಂಡಿನ ಬೆನ್ನಲ್ಲಿ ಇದ್ದ ಪದ "ದೀಪಾವಳಿಗೆ". ಓದಿ ಹೇಳಿದೆ. ಅಜ್ಜಿ ಕನ್ನಡಕ ಹಾಕ್ಕೊಂಡು ಎರಡು ಸಲ ನೋಡಿದ್ರು. "ದೀಪಾವಳಿಗೆ ಬಂದಿದ್ದ ಕಣೋ. ಪಟಾಕಿ ಹೊಡೆಯೋವಾಗ ಪಂಚೆ ಸುಟ್ಕೊಂಡಿದ್ದ" ಅಂದ್ರು. ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಅವ್ನು ಮಾತು ತಪ್ಪಿರ್ಲಿಲ್ಲ" ಅಂದ್ರು.

ಇಷ್ಟೇ. ಆ ತುಂಡಿಗೆ ಮಾರ್ಕೆಟ್‌ನಲ್ಲಿ ಏನೂ ಸಿಗಲ್ಲ. ಕತ್ತರಿಸಿದ ಏರೋಗ್ರಾಮ್‌ಗೆ ಯಾರೂ ಐದು ರೂಪಾಯಿ ಕೊಡಲ್ಲ.

9/9

ನೀವು ಕೇಳಬಹುದಾದ ಪ್ರಶ್ನೆಗಳಿಗೆ ಮೊದಲೇ ಉತ್ತರ ಕೊಟ್ಟುಬಿಡ್ತೀನಿ.

"ಎಲ್ಲರ ಮನೆಯಲ್ಲೂ ಇಂಥ ಕಥೆ ಇರಲ್ಲ." ನಿಜ. ನಾನು ಕೊಂಡ ವಿಕ್ಟೋರಿಯಾ ಕಾರ್ಡು ಕೂಡ ಯಾರದ್ದೋ, ನನಗೆ ಸಂಬಂಧವೇ ಇಲ್ಲದವರದ್ದು. ಆದರೆ ಅದನ್ನು ಕೈಗೆತ್ತಿಕೊಂಡಾಗ ಅದು ಪೂರ್ತಿ ಇತ್ತು ಅನ್ನೋ ಕಾರಣಕ್ಕೇ ನಾನು ಅದರ ಬಗ್ಗೆ ಹನ್ನೊಂದು ಕಾಲಂ ತುಂಬಲು ಆಯ್ತು. ಇನ್ನೂರು ಜನ ಕೈ ಬದಲಾಯಿಸಿಯೂ ಯಾರೂ ಕತ್ತರಿಸಲಿಲ್ಲ ಅಂದರೆ ಅವರಿಗೆಲ್ಲ ನಾನು ಥ್ಯಾಂಕ್ಸ್ ಹೇಳಬೇಕು.

"ಇಷ್ಟೆಲ್ಲ ಟೈಮ್ ಯಾರಿಗಿದೆ?" ಒಂದು ಕಾರ್ಡಿಗೆ ಹತ್ತು ನಿಮಿಷ. ನಾವು ಇಲ್ಲಿ ಸ್ಕ್ರೋಲ್ ಮಾಡೋ ಲೆಕ್ಕ ಹಾಕಿದ್ರೆ ಅದು ಖರ್ಚಿನ ಪಟ್ಟಿಯಲ್ಲೇ ಬರಲ್ಲ. ಬೇಕಾಗಿರೋದು ಸ್ಕೇಲ್, ಕೈಮಸೂರ, ಪೆನ್ಸಿಲ್, ಒಂದು ಲಾಂಗ್ ಬುಕ್. ಕ್ಯಾಟಲಾಗ್ ದುಬಾರಿ, ಒಪ್ಪುತ್ತೀನಿ. ಅದಕ್ಕೇ ಹೇಳಿದ್ದು, ಅದು ಕೊನೆಗೆ. ನೀವು ಸರಿಯಾಗಿ ಬರೆದಿಟ್ಟಿದ್ದರೆ ಕ್ಯಾಟಲಾಗ್ ಇರೋ ಯಾರಾದರೂ ಎರಡು ನಿಮಿಷದಲ್ಲಿ ನಂಬರ್ ಹೇಳ್ತಾರೆ. ಬರೆದಿಡದಿದ್ದರೆ ಕ್ಯಾಟಲಾಗ್ ಬರೆದವರೇ ಬಂದರೂ ಹೇಳೋಕಾಗಲ್ಲ.

"ಗೊತ್ತಿಲ್ಲ ಅಂತ ಬರೆದರೆ ನಾಚಿಕೆ ಅಲ್ವಾ?" ಅಲ್ಲ. ಕ್ಯಾಟಲಾಗ್‌ಗಳು ಆವೃತ್ತಿಯಿಂದ ಆವೃತ್ತಿಗೆ ದಪ್ಪ ಆಗಿದ್ದೇ ಹೀಗೆ. ಯಾರೋ ಒಬ್ಬರು ತಮ್ಮ ಕೈಲಿರೋದು ಪುಸ್ತಕದಲ್ಲಿರೋದಕ್ಕೆ ಹೊಂದಲ್ಲ ಅಂತ ನಿಜ ಬರೆದರು. ಹೊಂದುತ್ತೆ ಅಂತ ಒತ್ತಿ ಕೂರಿಸಿದ್ದರೆ ಅಲ್ಲಿಗೇ ಮುಗೀತಿತ್ತು.

ನನ್ನ ರಿಜಿಸ್ಟರಿನ "ಗೊತ್ತಿಲ್ಲ" ಕಾಲಂನಲ್ಲಿ ಇವತ್ತು ನಾಲ್ಕು ತೂತು ಉಳಿದಿವೆ. ನೀರಲ್ಲಿ ಕರಗಿದ ಒಂದು ತುಂಡು ಈ ನಾಲ್ಕರಲ್ಲಿ ಯಾವುದರದ್ದು ಅಂತ ಹೇಳೋಕಾಗ್ತಿಲ್ಲ. ಉಳಿದ ಮೂರು ತುಂಡು ನಿಮ್ಮಲ್ಲೇ ಯಾರ ಹತ್ರವೋ ಇವೆ.

ಅದಕ್ಕೇ ಈ ಸರಣಿ. ಏಳನೇ ಕ್ಲಾಸಿನಲ್ಲಿ ನನ್ನ ಜೊತೆ ಸ್ಟಾಂಪ್ ಬದಲಾಯಿಸಿಕೊಂಡವರೇ, ಮನೆಗೆ ಹೋದಾಗ ಅಟ್ಟದ ಮೇಲಿನ ಹಳೇ ನೋಟ್‌ಬುಕ್ ಒಂದು ಸಲ ತೆಗೆದು ನೋಡಿ. ತೆಳು ನೀಲಿ ಕಾಗದ, ಕೆನಡಾ ಅಂತ ಅಚ್ಚು, ಹಿಂದೆ ಕನ್ನಡದಲ್ಲಿ ಗುಂಡಗಿನ ಕೈಬರಹ. ಕೀಳಬೇಡಿ, ನೆನೆಸಬೇಡಿ. ಆ ಹಾಳೆಯನ್ನೇ ಪೂರ್ತಿ ಕೊಡಿ, ಬದಲಿಗೆ ನನ್ನ ಆಲ್ಬಮ್‌ನಿಂದ ಬೇಕಾದ್ದು ತಗೊಳ್ಳಿ. ಅಜ್ಜಿಗೆ ಎಂಬತ್ತೆರಡು. ಪ್ರತಿ ಭಾನುವಾರ ಫೋನಲ್ಲಿ ಕೇಳ್ತಾರೆ, "ಇನ್ನೂ ಮೂರು ಬಂತೇನೋ?"

#ಪೋಸ್ಟಲ್‌ಸ್ಟೇಷನರಿ #ಕೆನಡಾ #ಏರೋಗ್ರಾಮ್ #ಕತ್ತರಿಪಕ್ಕಕ್ಕಿಡಿ #ಗೊತ್ತಿಲ್ಲಕಾಲಂ